ಗ್ರೀಕರ ಸೂರ್ಯದೇವ ಅಪೊಲೊನೋ, ಹೀಲಿಯೋಸನೋ? ರಸಪ್ರಶ್ನೆಯ ಒಂದು ಉತ್ತರದಿಂದ ಎದ್ದ ಚರ್ಚೆ

ಹಳ್ಳಿ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಸುತ್ತಿನ ಶಾಲೆಯೊಂದರ ರಸಪ್ರಶ್ನೆ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ‘ಪ್ರಾಚೀನ ಗ್ರೀಕರ ಸೂರ್ಯದೇವ ಯಾರು?’ ಎಂಬ ಪ್ರಶ್ನೆಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಡವರಿಸದೆ ‘ಹೀಲಿಯೋಸ್’ ಎಂದಳು. ನನ್ನ ಕೈಗೆ ಕೊಟ್ಟಿದ್ದ ಉತ್ತರಪಟ್ಟಿಯಲ್ಲಿ ‘ಅಪೊಲೊ’ ಎಂದು ಅಚ್ಚಾಗಿತ್ತು. ಅಚ್ಚಾದದ್ದೇ ವೇದವಾಕ್ಯವೆಂದು ನಂಬಿ ‘ತಪ್ಪು’ ಎಂದುಬಿಟ್ಟೆ. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು, ಅವರು ‘ಅಪೊಲೊ’ ಎಂದು ಹೇಳಿ ಐದು ಅಂಕ ಪಡೆದರು, ಹುಡುಗಿಯ ತಂಡ ಎರಡೇ ಅಂಕಗಳಿಂದ ಸೋತಿತು. ಎಲ್ಲ ಮುಗಿದ ಮೇಲೆ ಅವಳು ಬಳಿಗೆ ಬಂದು, ವಾದ ಹೂಡದೆ, ‘ಹಾಗಾದರೆ ಹೀಲಿಯಂ ಎಂಬ ಹೆಸರು ಎಲ್ಲಿಂದ ಬಂತು ಸರ್?’ ಎಂದಷ್ಟೇ ಕೇಳಿ ಹೋದಳು. ನನಗೆ ಉತ್ತರ ಗೊತ್ತಿರಲಿಲ್ಲ. ಈ ಇಬ್ಬರು ದೇವರೂ ಒಬ್ಬರೇ, ಬೇರೆ ಬೇರೆಯೇ, ಬೇರೆಯಾಗಿದ್ದರೆ ಈ ಗೊಂದಲ ಯಾವ ಕಾಲದಲ್ಲಿ ಹುಟ್ಟಿತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಪ್ರಾಚೀನಪ್ರಿಯೆ:
ಮೇಷ್ಟ್ರೇ, ಹುಡುಗಿಯ ಉತ್ತರ ಸರಿಯಾಗಿತ್ತು. ಗ್ರೀಕ್ ಭಾಷೆಯಲ್ಲಿ ‘ಹೀಲಿಯೋಸ್’ ಎಂಬುದು ಆಕಾಶದಲ್ಲಿ ಕಾಣುವ ಸೂರ್ಯನಿಗೇ ಇರುವ ಸಾಮಾನ್ಯ ಪದ. ಇಂದಿಗೂ ಅಥೆನ್ಸಿನಲ್ಲಿ ಬಿಸಿಲು ಹೆಚ್ಚಾಯಿತೆಂದು ಗೊಣಗುವವರು ಅದೇ ಪದವನ್ನು ‘ಇಲ್ಯೋಸ್’ ಎಂಬ ಉಚ್ಚಾರಣೆಯಲ್ಲಿ ಬಳಸುತ್ತಾರೆ. ಕ್ರಿ.ಪೂ. 700ರ ಆಸುಪಾಸಿನ ಕವಿ ಹೆಸಿಯಡ್ ದೇವತೆಗಳ ವಂಶಾವಳಿಯನ್ನು ಹೇಳುವಾಗ, ಹೈಪೀರಿಯನ್ ಮತ್ತು ಥೀಯಾ ಎಂಬ ಟೈಟನ್ (ಹಳೆಯ ತಲೆಮಾರಿನ ದೇವತೆ) ದಂಪತಿಗೆ ಮೂವರು ಮಕ್ಕಳೆನ್ನುತ್ತಾನೆ: ಸೂರ್ಯನಾದ ಹೀಲಿಯೋಸ್, ಚಂದ್ರಳಾದ ಸೆಲೀನಿ, ಉಷೆಯಾದ ಈಯೋಸ್. (ಗ್ರೀಕರಿಗೆ ಚಂದ್ರ ಹೆಣ್ಣು, ಆದ್ದರಿಂದ ‘ಚಂದ್ರಳು’ ಎಂದದ್ದಕ್ಕೆ ವ್ಯಾಕರಣದವರು ಕ್ಷಮಿಸಬೇಕು.) ಅಪೊಲೊ ಅದೇ ಕವಿಯಲ್ಲಿ ದೇವರಾಜ ಜ್ಯೂಸ್ ಮತ್ತು ಲೀಟೊ ಇವರ ಮಗ. ಜ್ಯೂಸನ ತಂದೆ ಕ್ರೋನಸ್ ಟೈಟನ್ನರಲ್ಲಿ ಎಲ್ಲರಿಗಿಂತ ಕಿರಿಯ; ಹೈಪೀರಿಯನ್ ಅವನ ಅಣ್ಣ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೀಲಿಯೋಸ್ ಜ್ಯೂಸನ ದೊಡ್ಡಪ್ಪನ ಮಗ, ಅಪೊಲೊನಿಗೆ ಒಂದು ತಲೆಮಾರು ಹಿರಿಯ. ಸಂಬಂಧಿಕರು ಹೌದು, ಒಬ್ಬರೇ ಅಲ್ಲ.

ಹೋಮರನ ಕಾವ್ಯಗಳಲ್ಲಂತೂ ಇಬ್ಬರ ಕೆಲಸಗಳು ಎಲ್ಲಿಯೂ ಬೆರೆಯುವುದಿಲ್ಲ. ಅಪೊಲೊ ಬಿಲ್ಲುಗಾರ, ಭವಿಷ್ಯವಾಣಿಯ ಒಡೆಯ, ರೋಗವನ್ನು ತರುವವನೂ ಕಳೆಯುವವನೂ ಹೌದು. ಇಲಿಯಡ್ಡಿನ ಮೊದಲ ಭಾಗದಲ್ಲಿ ಅವನು ಗ್ರೀಕರ ಪಾಳೆಯದ ಮೇಲೆ ಮುನಿದು ಒಲಿಂಪಸ್ಸಿನಿಂದ ಇಳಿಯುವ ಸನ್ನಿವೇಶವಿದೆ. ಹೆಗಲ ಮೇಲಿನ ಬತ್ತಳಿಕೆಯಲ್ಲಿ ಬಾಣಗಳು ಖಣಖಣಿಸುತ್ತಿವೆ. ಅವನ ಬರವನ್ನು ಕವಿ ಹೋಲಿಸುವುದು ರಾತ್ರಿಗೆ. ಸೂರ್ಯನೇ ಆಗಿದ್ದವನನ್ನು ಯಾವ ಕವಿಯೂ ‘ರಾತ್ರಿಯಂತೆ ಬಂದನು’ ಎಂದು ವರ್ಣಿಸಲಾರ. ನನಗೆ ಇದೊಂದೇ ಪುರಾವೆ ಸಾಕು.

ನೇಸರು:
ಪ್ರಾಚೀನಪ್ರಿಯೆ ಅವರ ವಿವರಣೆ ಚೆನ್ನಾಗಿದೆ. ಆದರೂ ಉತ್ತರಪಟ್ಟಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಪೊಲೊನಿಗೆ ಫೀಬಸ್ ಎಂಬ ಬಿರುದಿದೆ, ಅದರ ಅರ್ಥವೇ ಹೊಳೆಯುವವನು. ತಲೆಯ ಸುತ್ತ ಕಿರಣಗಳನ್ನು ಧರಿಸಿ ರಥ ಓಡಿಸುವ ಅಪೊಲೊನನ್ನು ಯುರೋಪಿನ ಎಷ್ಟೋ ಅರಮನೆಗಳ ಚಾವಣಿಗಳಲ್ಲಿ ಚಿತ್ರಿಸಿದ್ದಾರೆ. ಇಷ್ಟೆಲ್ಲ ಜನರು ಒಟ್ಟಾಗಿ ತಪ್ಪಿದರು ಎನ್ನಬಹುದೇ?

ಪ್ರಾಚೀನಪ್ರಿಯೆ:
ತಪ್ಪಿದರು ಎನ್ನುವುದಕ್ಕಿಂತ, ಕಾಲಕ್ರಮದಲ್ಲಿ ಇಬ್ಬರನ್ನು ಕಲೆಸಿದರು ಎನ್ನುವುದು ಸರಿ. ಆ ಕಲಸುವಿಕೆಗೂ ಒಂದು ಇತಿಹಾಸವಿದೆ. ಕ್ರಿ.ಪೂ. ಐದನೆಯ ಶತಮಾನದ ನಾಟಕಕಾರ ಈಸ್ಕಿಲಸನ ಕಳೆದುಹೋದ ನಾಟಕವೊಂದರಲ್ಲಿ ಗಾಯಕ ಆರ್ಫಿಯಸ್ ಮುಂಜಾವಿನಲ್ಲಿ ಬೆಟ್ಟವೇರಿ, ಸೂರ್ಯನೇ ದೇವರಲ್ಲಿ ಹಿರಿಯನೆಂದು ಪೂಜಿಸಿ ಅವನನ್ನು ಅಪೊಲೊ ಎಂದು ಕರೆಯುತ್ತಿದ್ದನಂತೆ. ಇದರಿಂದ ಸಿಟ್ಟಾದ ದ್ರಾಕ್ಷಾರಸದ ದೇವರು ಡಯೋನೈಸಸ್ ಅವನನ್ನು ತನ್ನ ಭಕ್ತೆಯರಿಂದ ಸೀಳಿಸಿದ ಎಂಬ ಕಥೆ ನಂತರದ ಸಾರಾಂಶವೊಂದರಲ್ಲಿ ಉಳಿದಿದೆ. ಯುರಿಪಿಡೀಸನ ‘ಫೇಥಾನ್’ ನಾಟಕದ ಒಂದು ತುಣುಕಿನಲ್ಲಿ, ಮಗ ಫೇಥಾನನನ್ನು ಕಳೆದುಕೊಂಡ ತಾಯಿ ಅವನ ತಂದೆ ಹೀಲಿಯೋಸನನ್ನು ಕುರಿತು, ಗುಟ್ಟಿನ ಹೆಸರುಗಳನ್ನು ಬಲ್ಲವರು ನಿನ್ನನ್ನು ಅಪೊಲೊ ಎಂದು ಕರೆಯುವುದು ನ್ಯಾಯವೇ ಎನ್ನುತ್ತಾಳೆ. ಅಪೊಲೊ ಎಂಬ ಹೆಸರು ಗ್ರೀಕಿನಲ್ಲಿ ‘ನಾಶ ಮಾಡುವವನು’ ಎಂಬ ಪದದಂತೆ ಕೇಳಿಸುತ್ತದೆ. ತಾಯಿಯ ಮಾತಿನ ಮೊನೆ ಇರುವುದು ಆ ಶ್ಲೇಷೆಯಲ್ಲಿ. ಗಮನಿಸಬೇಕಾದದ್ದೆಂದರೆ, ಆ ಕಾಲಕ್ಕೂ ಅದು ‘ಗುಟ್ಟು ಬಲ್ಲವರ’ ಮಾತೇ ಆಗಿತ್ತು, ಊರಿಗೆಲ್ಲ ಗೊತ್ತಿದ್ದ ಮಾತಲ್ಲ.

ಅದನ್ನು ಊರಿಗೆಲ್ಲ ಹಂಚಿದವರು ರೋಮನ್ ಕವಿಗಳು. ಓವಿಡ್ ತನ್ನ ದೊಡ್ಡ ಕಾವ್ಯದಲ್ಲಿ ಸೂರ್ಯನ ಅರಮನೆಯನ್ನು ವರ್ಣಿಸುವಾಗ, ಪಚ್ಚೆಗಳು ಹೊಳೆಯುವ ಸಿಂಹಾಸನದ ಮೇಲೆ ‘ಫೀಬಸ್’ ಕುಳಿತಿದ್ದ ಎಂದೇ ಹೇಳುತ್ತಾನೆ. ಯುರೋಪಿನ ಚಿತ್ರಕಾರರು ಓದಿದ್ದು ಗ್ರೀಕ್ ಹೆಸಿಯಡ್ಡನ್ನಲ್ಲ, ಲ್ಯಾಟಿನ್ ಓವಿಡ್ಡನನ್ನು. ನೇಸರು ಅವರು ನೆನೆದ ಚಾವಣಿಯ ಚಿತ್ರಗಳು ಅಲ್ಲಿಂದ ಬಂದವು, ಮೇಷ್ಟ್ರ ಉತ್ತರಪಟ್ಟಿ ಬಹುಶಃ ಆ ಚಾವಣಿಯಿಂದ ಉದುರಿತು.

ಬೀದಿಬದಿ ಓದುಗ:
ನನಗೆ ಹೆಸರಿನ ಜಗಳಕ್ಕಿಂತ ಇನ್ನೊಂದು ವಿಷಯ ಹೆಚ್ಚು ಕಾಡುತ್ತದೆ. ಕಣ್ಣಿಗೆ ಕಾಣುವ, ದಿನವೂ ಬರುವ ದೇವರು ಇವನೊಬ್ಬನೇ. ಹಾಗಿದ್ದೂ ಗ್ರೀಸಿನ ಮುಖ್ಯಭೂಮಿಯಲ್ಲಿ ಹೀಲಿಯೋಸನಿಗೆ ದೊಡ್ಡ ಗುಡಿಗಳಿಲ್ಲ. ಅಥೀನಾಗೆ ಪಾರ್ಥೆನಾನ್, ಅಪೊಲೊನಿಗೆ ಡೆಲ್ಫಿ, ಜ್ಯೂಸನಿಗೆ ಒಲಿಂಪಿಯಾ ಇರುವಾಗ ಸೂರ್ಯನಿಗೆ ಏಕಿಲ್ಲ? ಕ್ರಿ.ಪೂ. 421ರಲ್ಲಿ ಅಥೆನ್ಸಿನಲ್ಲಿ ಆಡಿದ ಅರಿಸ್ಟೊಫನೀಸನ ‘ಶಾಂತಿ’ ಪ್ರಹಸನದಲ್ಲಿ ಒಂದು ಪಾತ್ರ ದೇವರಿಗೇ ಚಾಡಿ ಹೇಳುತ್ತದೆ: ಸೂರ್ಯ ಚಂದ್ರರು ಗ್ರೀಸನ್ನು ಪರಕೀಯರಿಗೆ ಮಾರಲು ಹೊಂಚುಹಾಕಿದ್ದಾರೆ, ಏಕೆಂದರೆ ನಾವು ಬಲಿ ಕೊಡುವುದು ನಿಮಗೆ, ಪರಕೀಯರು ಬಲಿ ಕೊಡುವುದು ಅವರಿಗೆ. ಸೂರ್ಯಪೂಜೆ ಪರ್ಷಿಯನ್ನರ ಕೆಲಸ ಎಂಬುದು ಪ್ರೇಕ್ಷಕರಿಗೆ ಗೊತ್ತಿದ್ದರಿಂದಲೇ ಅದು ನಗೆಮಾತಾಯಿತು.

ಹಾಗೆಂದು ಅಥೆನ್ಸಿನವರು ಅವನನ್ನು ದೇವರಲ್ಲವೆಂದೂ ಒಪ್ಪುತ್ತಿರಲಿಲ್ಲ. ಸೂರ್ಯ ಪೆಲೊಪೊನೀಸ್ ಸೀಮೆಗಿಂತ ದೊಡ್ಡದಾದ, ಕಾದು ಕೆಂಪಾದ ಒಂದು ಬಂಡೆ ಎಂದು ಹೇಳಿದ್ದಕ್ಕೆ ತತ್ತ್ವಜ್ಞಾನಿ ಅನಕ್ಸಾಗೊರಸ್ ದೈವನಿಂದೆಯ ಆಪಾದನೆಗೆ ಗುರಿಯಾಗಿ ಊರು ಬಿಟ್ಟು ಲ್ಯಾಂಪ್ಸಕಸ್ಸಿಗೆ ಹೋಗಬೇಕಾಯಿತು. ಮುಂದೆ ಅದೇ ಮಾತನ್ನು ಸಾಕ್ರಟೀಸನ ತಲೆಗೆ ಕಟ್ಟಲು ನೋಡಿದಾಗ, ಅದು ಅನಕ್ಸಾಗೊರಸನ ಮಾತು, ಅವನ ಪುಸ್ತಕ ಒಂದು ದ್ರಾಕ್ಮಕ್ಕೆ ಪೇಟೆಯಲ್ಲಿ ಸಿಗುತ್ತದೆ ಎಂದು ಸಾಕ್ರಟೀಸ್ ನ್ಯಾಯಾಲಯದಲ್ಲಿ ಉತ್ತರಿಸಿದನೆಂದು ಪ್ಲೇಟೊ ಬರೆದಿದ್ದಾನೆ. ಪೊಟಿಡಿಯಾದ ದಂಡಯಾತ್ರೆಯಲ್ಲಿ ಇಡೀ ಹಗಲು ರಾತ್ರಿ ಒಂದೇ ಕಡೆ ನಿಂತು ಯೋಚಿಸಿದ ಸಾಕ್ರಟೀಸ್, ಬೆಳಗಾದಾಗ ಸೂರ್ಯನಿಗೆ ಪ್ರಾರ್ಥನೆ ಸಲ್ಲಿಸಿ ಅಲ್ಲಿಂದ ನಡೆದನಂತೆ. ಗುಡಿ ಇಲ್ಲದ ದೇವರಿಗೆ ಪ್ರಾರ್ಥನೆಯಂತೂ ಇತ್ತು.

ನನ್ನ ಊಹೆ ಇಷ್ಟು: ಗ್ರೀಕರ ಮಟ್ಟಿಗೆ ಹೀಲಿಯೋಸ್ ವರ ಕೊಡುವ ದೇವರಲ್ಲ, ಸಾಕ್ಷಿ ನಿಲ್ಲುವ ದೇವರು. ಇಲಿಯಡ್ಡಿನಲ್ಲಿ ದ್ವಂದ್ವಯುದ್ಧದ ಒಪ್ಪಂದಕ್ಕೆ ಬಿಳಿಯ ಟಗರನ್ನು ಸೂರ್ಯನಿಗೂ ಕರಿಯ ಕುರಿಯನ್ನು ಭೂಮಿಗೂ ತರಲು ಹೇಳುತ್ತಾರೆ. ಗ್ರೀಕರ ಸೇನಾನಾಯಕ ಆಗಮೆಮ್ನಾನ್ ಆಣೆಯಿಡುವಾಗ ‘ಎಲ್ಲವನ್ನೂ ನೋಡುವ, ಎಲ್ಲವನ್ನೂ ಕೇಳುವ ಹೀಲಿಯೋಸ್’ ಎಂದು ಕರೆಯುತ್ತಾನೆ. ಅಫ್ರೊಡೈಟಿಯೂ ಏರೀಸನೂ ಕದ್ದು ಸೇರಿದ್ದನ್ನು ಅವಳ ಗಂಡ ಹೆಫೀಸ್ಟಸ್ಸನಿಗೆ ತಿಳಿಸಿದವನು ಇವನು. ಮಗಳು ಪರ್ಸೆಫೊನಿ ಕಾಣೆಯಾಗಿ ಒಂಬತ್ತು ದಿನ ಹುಡುಕಿದ ಡಿಮೀಟರ್ ಕೊನೆಗೆ ಬಂದು ನಿಂತದ್ದು ಇವನ ಕುದುರೆಗಳ ಮುಂದೆ. ಅಪಹರಿಸಿದವನು ಪಾತಾಳದ ಒಡೆಯ ಹೇಡೀಸ್ ಎಂದು ಹೇಳಿ, ಅಳಿಯ ಕೆಟ್ಟವನೇನಲ್ಲ ಎಂಬ ಉಪದೇಶವನ್ನೂ ಸೇರಿಸಿ, ಕುದುರೆಗಳನ್ನು ಹೊಡೆದುಕೊಂಡು ಮುಂದೆ ಹೋದ. ನಿಲ್ಲಲು ಅವನಿಗೆ ಸಮಯವಿಲ್ಲ. ಹಗಲಿಡೀ ಅದೇ ದಾರಿಯಲ್ಲಿ ಹೋಗಲೇಬೇಕಾದ ದೇವರನ್ನು ಬೇಡಿಕೊಂಡು ಏನು ಪ್ರಯೋಜನ ಎಂದು ಜನ ಯೋಚಿಸಿರಬಹುದು. ಇಲಿಯಡ್ಡಿನಲ್ಲಿ ಒಂದು ಸಂಜೆ ಜ್ಯೂಸನ ಹೆಂಡತಿ ಹೀರಾ ಅವನನ್ನು, ಅವನಿಗೆ ಇಷ್ಟವಿಲ್ಲದಿದ್ದರೂ, ಹೊತ್ತಿಗೆ ಮೊದಲೇ ಮುಳುಗಲು ಕಳುಹಿಸಿಬಿಡುತ್ತಾಳೆ. ಕಚೇರಿಯಲ್ಲಿ ಮೇಲಿನವರ ಮಾತಿಗೆ ರಜೆ ಹಾಕಿದವರಿಗೆ ಆ ಸಾಲು ಚೆನ್ನಾಗಿ ಅರ್ಥವಾಗುತ್ತದೆ.

ಹಳ್ಳಿ ಮೇಷ್ಟ್ರು:
ಹೋಮರನ ಒಡಿಸ್ಸಿಯಲ್ಲಿ ಸೂರ್ಯನ ದನಗಳ ಕಥೆಯೊಂದಿದೆಯಲ್ಲ, ಅಲ್ಲಿ ಅವನು ಶಿಕ್ಷೆ ಕೊಟ್ಟನಲ್ಲವೇ?

ಬೀದಿಬದಿ ಓದುಗ:
ಮೇಷ್ಟ್ರೇ, ಅಲ್ಲಿಯೂ ಕೊಟ್ಟವನು ಅವನಲ್ಲ. ಆ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಹೀಲಿಯೋಸನ ಸ್ವಭಾವ ಅಷ್ಟು ಹತ್ತಿರದಿಂದ ಕಾಣುವ ಜಾಗ ಇನ್ನೊಂದಿಲ್ಲ.

ಥ್ರಿನೇಕಿಯ ಎಂಬ ದ್ವೀಪದಲ್ಲಿ ಹೀಲಿಯೋಸನಿಗೆ ಏಳು ದನದ ಮಂದೆಗಳೂ ಏಳು ಕುರಿಯ ಹಿಂಡುಗಳೂ ಇವೆ, ಒಂದೊಂದರಲ್ಲಿ ಐವತ್ತು. ಅವು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ಅವನ ಹೆಣ್ಣುಮಕ್ಕಳಾದ ಫೇಥೂಸ ಮತ್ತು ಲ್ಯಾಂಪೀಟಿಯ ಅವುಗಳನ್ನು ಕಾಯುತ್ತಾರೆ. ಮುಟ್ಟಬೇಡಿ ಎಂಬ ಎಚ್ಚರಿಕೆ, ಟ್ರಾಯ್ ಯುದ್ಧದಿಂದ ಊರಿಗೆ ಮರಳುತ್ತಿದ್ದ ಒಡಿಸ್ಯೂಸನಿಗೆ ಎರಡೆರಡು ಕಡೆಯಿಂದ ಸಿಕ್ಕಿದೆ. ಆದರೆ ದಕ್ಷಿಣದ ಗಾಳಿ ತಿಂಗಳಿಡೀ ಬೀಸಿ ಹಡಗು ಹೊರಡಲಾಗದೆ, ತಂದ ದಿನಸಿ ಮುಗಿದು, ಜನ ಮೀನು ಹಕ್ಕಿಗಳನ್ನು ಹಿಡಿದು ಹೊಟ್ಟೆ ಹೊರೆಯುವಂತಾಯಿತು. ಒಡಿಸ್ಯೂಸ್ ನಿದ್ದೆಹೋದ ಹೊತ್ತಿನಲ್ಲಿ ಯೂರಿಲೊಕಸ್ ಸಂಗಡಿಗರಿಗೆ ಹೇಳಿದ: ಹಸಿವಿನಿಂದ ಸಾಯುವುದಕ್ಕಿಂತ ಕೆಟ್ಟ ಸಾವಿಲ್ಲ, ಊರಿಗೆ ಮರಳಿದರೆ ಸೂರ್ಯನಿಗೆ ಒಂದು ಭಾರಿ ಗುಡಿ ಕಟ್ಟಿಸೋಣ. ಸೂರ್ಯನಿಗೆ ಗುಡಿ ಏಕಿಲ್ಲ ಎಂದು ಮೇಲೆ ಕೇಳಿದ್ದೆನಲ್ಲ, ಹರಕೆ ಹೊತ್ತವರು ಊರು ತಲುಪಲೇ ಇಲ್ಲ! ಬಲಿಗೆ ಬೇಕಾದ ಜವೆಗೋಧಿ ಇಲ್ಲದೆ ಓಕ್ ಮರದ ಎಲೆಗಳನ್ನು ಎರಚಿದರು, ದ್ರಾಕ್ಷಾರಸವಿಲ್ಲದೆ ನೀರನ್ನು ಚಿಮುಕಿಸಿದರು. ಕಡಿದ ಮೇಲೆ ಸುಲಿದ ತೊಗಲುಗಳು ನೆಲದ ಮೇಲೆ ತೆವಳತೊಡಗಿದವು. ಕಂಬಿಗೆ ಚುಚ್ಚಿದ ಮಾಂಸ, ಬೆಂದದ್ದೂ ಹಸಿಯದ್ದೂ, ದನದಂತೆ ಅಂಬಾ ಎಂದಿತು. ಅದನ್ನು ಕೇಳಿಯೂ ಅವರು ಆರು ದಿನ ತಿಂದರು.

ಹೀಲಿಯೋಸ್ ಆಗ ಮಾಡಿದ್ದೇನು? ಸುಡಲಿಲ್ಲ, ಬಾಣ ಬಿಡಲಿಲ್ಲ. ಜ್ಯೂಸನ ಬಳಿಗೆ ದೂರು ಒಯ್ದ. ಹತ್ತುವಾಗಲೂ ಇಳಿಯುವಾಗಲೂ ನೋಡಿ ಸಂತೋಷಪಡುತ್ತಿದ್ದ ನನ್ನ ದನಗಳಿಗೆ ಪರಿಹಾರ ಸಿಗದಿದ್ದರೆ, ನಾನು ಪಾತಾಳಕ್ಕೆ ಇಳಿದು ಸತ್ತವರಿಗೆ ಬೆಳಕು ಕೊಡುತ್ತೇನೆ ಎಂದ. ಅವನ ಕೈಯಲ್ಲಿದ್ದ ಆಯುಧ ಮುಷ್ಕರವೊಂದೇ. ಜ್ಯೂಸ್ ಬೆದರಿ, ನೀನು ದೇವರಿಗೂ ಮನುಷ್ಯರಿಗೂ ಬೆಳಗುತ್ತಲೇ ಇರು, ಉಳಿದದ್ದು ನನಗೆ ಬಿಡು ಎಂದು ಸಮಾಧಾನಪಡಿಸಿ, ನಡುಗಡಲಲ್ಲಿ ಸಿಡಿಲು ಹೊಡೆದು ಹಡಗನ್ನು ಮುರಿದ. ಒಡಿಸ್ಯೂಸ್ ಒಬ್ಬ ಉಳಿದ.

ಗಣಿತದವನು:
ಏಳು ಐವತ್ತಲೆ ಮುನ್ನೂರೈವತ್ತು ಎಂಬುದನ್ನು ಯಾರೂ ಎತ್ತಲಿಲ್ಲವಾದ್ದರಿಂದ ನಾನು ಎತ್ತುತ್ತೇನೆ. ಈ 350 ದನಗಳು ಚಾಂದ್ರಮಾನ ವರ್ಷದ ದಿನಗಳೆಂದು ಅರಿಸ್ಟಾಟಲ್ ಹೇಳಿದ್ದನೆಂಬ ಪ್ರಾಚೀನ ಟಿಪ್ಪಣಿಯಿದೆ. ಹುಟ್ಟದ, ಸಾಯದ, ಎಣಿಕೆ ಬದಲಾಗದ ದನಗಳೆಂದರೆ ದಿನಗಳೇ ಸರಿ ಎಂದು ನನಗೂ ತೋರುತ್ತದೆ. ಇದೇ ದನಗಳನ್ನು ಹಿಡಿದು ಆರ್ಕಿಮಿಡೀಸ್ ಅಲೆಕ್ಸಾಂಡ್ರಿಯದ ಎರಟೊಸ್ತನೀಸನಿಗೆ ಪದ್ಯರೂಪದ ಒಂದು ಲೆಕ್ಕ ಕಳುಹಿಸಿದನೆಂದು ಪ್ರತೀತಿ. ಜರ್ಮನಿಯ ವೋಲ್ಫೆನ್‌ಬ್ಯೂಟೆಲ್ ಗ್ರಂಥಾಲಯದಲ್ಲಿ ಸಿಕ್ಕ ಆ ಪದ್ಯವನ್ನು ಲೆಸ್ಸಿಂಗ್ 1773ರಲ್ಲಿ ಪ್ರಕಟಿಸಿದ. ಬಿಳಿ, ಕರಿ, ಕಂದು, ಮಚ್ಚೆ ಎಂಬ ನಾಲ್ಕು ಬಣ್ಣದ ಗೂಳಿ ಹಸುಗಳ ನಡುವಿನ ಭಿನ್ನರಾಶಿಗಳಷ್ಟನ್ನೇ ಬಿಡಿಸಿದರೆ ಕನಿಷ್ಠ ಉತ್ತರ 5,03,89,082 ದನಗಳು. ಆಮೇಲೆ ಬರುವ ಎರಡು ಷರತ್ತುಗಳನ್ನೂ ಸೇರಿಸಿದರೆ ಉತ್ತರದಲ್ಲಿ 2,06,545 ಅಂಕೆಗಳಿರುತ್ತವೆ. ಪೂರ್ತಿ ಸಂಖ್ಯೆಯನ್ನು ಕಂಪ್ಯೂಟರ್ ಕಂಡುಹಿಡಿದದ್ದು 1965ರಲ್ಲಿ. ಅಷ್ಟು ದನಗಳಿಗೆ, ಆ ಪದ್ಯದಲ್ಲಿ ಅವು ಮೇಯುವ ಸಿಸಿಲಿ ದ್ವೀಪ ಎಲ್ಲಿ ಸಾಲಬೇಕು!

ನಾಣ್ಯಪೆಟ್ಟಿಗೆ:
ಬೀದಿಬದಿ ಓದುಗರು ಮುಖ್ಯಭೂಮಿಯಲ್ಲಿ ಎಂದು ಹೇಳಿ ಬಚಾವಾದರು, ಏಕೆಂದರೆ ರೋಡ್ಸ್ ದ್ವೀಪದ ಕಥೆಯೇ ಬೇರೆ. ಆ ದ್ವೀಪದ ಒಡೆಯನೇ ಹೀಲಿಯೋಸ್. ಕ್ರಿ.ಪೂ. 464ರಲ್ಲಿ ಒಲಿಂಪಿಯಾದ ಮುಷ್ಟಿಯುದ್ಧದಲ್ಲಿ ಗೆದ್ದ ರೋಡ್ಸಿನ ಡಯಾಗೊರಸನಿಗಾಗಿ ಪಿಂಡಾರ್ ಬರೆದ ಗೀತೆ ಅದರ ಸ್ಥಳಪುರಾಣವನ್ನು ಹೇಳುತ್ತದೆ. ದೇವರುಗಳು ಭೂಮಿಯನ್ನು ಪಾಲು ಮಾಡಿಕೊಳ್ಳುವ ದಿನ ಹೀಲಿಯೋಸ್ ಎಂದಿನಂತೆ ಕೆಲಸದ ಮೇಲಿದ್ದುದರಿಂದ ಅವನಿಗೆ ಪಾಲೇ ಸಿಗಲಿಲ್ಲ. ಜ್ಯೂಸ್ ಮತ್ತೆ ಚೀಟಿ ಹಾಕಲು ಹೊರಟಾಗ ಹೀಲಿಯೋಸ್ ಬೇಡವೆಂದ. ಸಮುದ್ರದ ತಳದಿಂದ ಒಂದು ನೆಲ ಮೇಲೇಳುವುದು ತನಗೆ ಕಾಣಿಸುತ್ತಿದೆ, ಅದು ತನಗಿರಲಿ ಎಂದ. ಮೇಲಿನಿಂದ ನೋಡುವವನಿಗಲ್ಲದೆ ಬೇರೆ ಯಾರಿಗೆ ಅದು ಕಾಣಬೇಕು? ಅಲ್ಲಿ ರೋಡೊಸ್ ಎಂಬ ಅಪ್ಸರೆಯಿಂದ ಅವನಿಗೆ ಏಳು ಗಂಡುಮಕ್ಕಳಾದರು. ದ್ವೀಪದ ಮೂರು ಹಳೆಯ ಪಟ್ಟಣಗಳಾದ ಲಿಂಡೊಸ್, ಇಯಾಲಿಸೊಸ್, ಕಾಮಿರೊಸ್ ಅವನ ಮೊಮ್ಮಕ್ಕಳ ಹೆಸರಿನವು.

ನನ್ನ ಬಳಿ ರೋಡ್ಸಿನ ಬೆಳ್ಳಿ ನಾಣ್ಯವೊಂದರ ಅಚ್ಚುಪ್ರತಿ ಇದೆ, ಮೂಲವಲ್ಲ. ಒಂದು ಮಗ್ಗುಲಲ್ಲಿ ಹೀಲಿಯೋಸನ ಮುಖ, ಪಕ್ಕಕ್ಕೆ ತಿರುಗದೆ ಮುಕ್ಕಾಲು ಪಾಲು ನಮ್ಮ ಕಡೆಗೇ ನೋಡುತ್ತಿದೆ. ಕೆನ್ನೆ ತುಂಬಿದೆ, ಕೂದಲು ಗಾಳಿಗೆ ಹಾರಿ ಜ್ವಾಲೆಯಂತೆ ಸುರುಳಿಗಟ್ಟಿದೆ. ಇನ್ನೊಂದು ಮಗ್ಗುಲಲ್ಲಿ ಗುಲಾಬಿಯ ಮೊಗ್ಗು. ಗುಲಾಬಿಗೆ ಗ್ರೀಕಿನಲ್ಲಿ ‘ರೋಡೊನ್’, ಆದ್ದರಿಂದ ಅದು ಊರಿನ ಹೆಸರಿನ ಮೇಲಿನ ಪದಚಮತ್ಕಾರ. ನಾಣ್ಯದ ಮುಖ ಸಾಮಾನ್ಯವಾಗಿ ಪಾರ್ಶ್ವನೋಟದಲ್ಲಿರುತ್ತದೆ. ಎದುರುನೋಟದಲ್ಲಿ ಕೆತ್ತಿದರೆ ಮೂಗು ಬೇಗ ಸವೆಯುತ್ತದೆ. ಸವೆದರೂ ಸರಿ, ಸೂರ್ಯ ನೇರ ನೋಡಲಿ ಎಂದು ಅವರು ಬಯಸಿದಂತಿದೆ.

ಅವರ ದೊಡ್ಡ ಕಂಚಿನ ಪ್ರತಿಮೆ, ಅಂದರೆ ಕೊಲೋಸಸ್, ಇದೇ ದೇವರದ್ದು. ಕ್ರಿ.ಪೂ. 305ರಿಂದ 304ರವರೆಗೆ ಡಿಮೀಟ್ರಿಯಸ್ ಎಂಬ ರಾಜ ನಗರಕ್ಕೆ ಮುತ್ತಿಗೆ ಹಾಕಿ, ಗೆಲ್ಲಲಾಗದೆ, ತನ್ನ ಯಂತ್ರಗಳನ್ನು ಅಲ್ಲಿಯೇ ಬಿಟ್ಟುಹೋದ. ಅವುಗಳ ಮಾರಾಟದಿಂದ ಬಂದ 300 ಟ್ಯಾಲೆಂಟ್ ಹಣದಲ್ಲಿ ಲಿಂಡೊಸಿನ ಕಾರೆಸ್ ಎಂಬ ಶಿಲ್ಪಿ 12 ವರ್ಷ ದುಡಿದು 70 ಮೊಳದ, ಎಂದರೆ 30 ಮೀಟರಿಗೂ ಮಿಕ್ಕ ಎತ್ತರದ ಹೀಲಿಯೋಸನನ್ನು ನಿಲ್ಲಿಸಿದನೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕ್ರಿ.ಪೂ. 226ರ ಸುಮಾರಿನ ಭೂಕಂಪದಲ್ಲಿ ಅದು ಮಂಡಿಯ ಬಳಿ ಮುರಿದು ಬಿತ್ತು. ಬಿದ್ದ ಪ್ರತಿಮೆಯ ಹೆಬ್ಬೆರಳನ್ನು ತಬ್ಬಿ ಹಿಡಿಯಬಲ್ಲವರೇ ಕಡಿಮೆ ಎನ್ನುತ್ತಾನೆ ಪ್ಲಿನಿ. ಬಂದರಿನ ಬಾಯಿಯ ಎರಡೂ ದಡಗಳ ಮೇಲೆ ಕಾಲಿಟ್ಟು ನಿಂತಿತ್ತು, ಹಡಗುಗಳು ಕಾಲುಗಳ ನಡುವೆ ಹಾಯುತ್ತಿದ್ದವು ಎಂಬ ಚಿತ್ರ ಬಹಳ ನಂತರದ ಕಲ್ಪನೆ. ಕಂಚಿನ ಪ್ರತಿಮೆ ಅಷ್ಟಗಲ ಕಾಲು ಚಾಚಿ ನಿಲ್ಲಲಾರದು. ರಸಪ್ರಶ್ನೆಯ ಪುಸ್ತಕಗಳಲ್ಲಿ ಆ ಚಿತ್ರವೂ ಇರುತ್ತದೆ ಎಂಬುದನ್ನು ಮೇಷ್ಟ್ರು ಗಮನಿಸಲಿ.

ಇನ್ನೊಂದು ಮಾತು. ರೋಡ್ಸಿನವರು ವರ್ಷಕ್ಕೊಮ್ಮೆ ಸೂರ್ಯನಿಗೆಂದು ನಾಲ್ಕು ಕುದುರೆಯ ರಥವನ್ನು ಸಮುದ್ರಕ್ಕೆ ತಳ್ಳುತ್ತಿದ್ದರೆಂದು ರೋಮನ್ ನಿಘಂಟುಕಾರ ಫೆಸ್ಟಸ್ ದಾಖಲಿಸಿದ್ದಾನೆ. ಸವೆದ ರಥಕ್ಕೆ ಬದಲಿ ಕೊಟ್ಟಂತೆ.

ಲಂಡನ್ ಕನ್ನಡತಿ:
ಆ ಕುದುರೆಗಳ ದಣಿವನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಾರ್ಥೆನಾನಿನ ಪೂರ್ವದ ಮುಂಬದಿಯ ತ್ರಿಕೋನದಲ್ಲಿದ್ದ ಶಿಲ್ಪಗಳು ಇಲ್ಲಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಗ್ರೀಸ್ ದೇಶ ಅವುಗಳನ್ನು ಮರಳಿ ಕೇಳುತ್ತಿದೆ, ಆ ವಿವಾದ ಬೇರೆ. ಎಡಮೂಲೆಯಲ್ಲಿ ಹೀಲಿಯೋಸ್ ಸಮುದ್ರದಿಂದ ಏಳುತ್ತಿದ್ದಾನೆ: ಕುತ್ತಿಗೆ, ಭುಜ, ಲಗಾಮು ಹಿಡಿಯಲು ಚಾಚಿದ ತೋಳುಗಳು ಮಾತ್ರ ನೀರಿನ ಮೇಲಿವೆ, ಕಲ್ಲಿನಲ್ಲೇ ಅಲೆಗಳನ್ನು ಕೆತ್ತಿದ್ದಾರೆ. ಅವನ ಕುದುರೆಗಳು ತಲೆ ಮೇಲೆತ್ತಿ ಹಾರಲು ತವಕಿಸುತ್ತಿವೆ. ಬಲಮೂಲೆಯಲ್ಲಿ ಸೆಲೀನಿಯ ಕುದುರೆ ರಾತ್ರಿಯಿಡೀ ಓಡಿ ಮುಗಿಸಿದೆ. ಕಣ್ಣುಗುಡ್ಡೆ ಹೊರಬಂದಿದೆ, ಮೂಗಿನ ಹೊಳ್ಳೆ ಅರಳಿದೆ, ಕೆಳದವಡೆ ಕಟ್ಟೆಯ ಅಂಚಿನಿಂದ ಕೆಳಗೆ ಜೋತಿದೆ. ಈ ಎರಡು ಮೂಲೆಗಳ ನಡುವೆ ಅಥೀನಾಳ ಜನನ. ಹೀಲಿಯೋಸನಿಗೆ ಅಥೆನ್ಸಿನಲ್ಲಿ ದೊಡ್ಡ ಗುಡಿ ಇರಲಿಲ್ಲ ಎಂಬುದು ಸರಿ. ಆದರೆ ಇನ್ನೊಬ್ಬಳ ಗುಡಿಯ ಮೂಲೆಯಲ್ಲಿ ಹೊತ್ತು ಎಷ್ಟಾಯಿತೆಂದು ಹೇಳಲು ಅವನನ್ನು ನಿಲ್ಲಿಸಿದ್ದರು. ಅಲ್ಲಿಯೂ ಅವನು ಸಾಕ್ಷಿಯೇ.

ಅದೇ ಮ್ಯೂಸಿಯಮ್ಮಿನಲ್ಲಿ ಕ್ರಿ.ಪೂ. 430ರ ಸುಮಾರಿನ ದ್ರಾಕ್ಷಾರಸ ಬೆರೆಸುವ ಒಂದು ಮಡಕೆಯಿದೆ. ಹೀಲಿಯೋಸನ ರಥ ಮೇಲೇರುತ್ತಿದ್ದಂತೆ ನಕ್ಷತ್ರಗಳು ಬರಿಮೈ ಹುಡುಗರಾಗಿ ಸಮುದ್ರಕ್ಕೆ ಧುಮುಕುತ್ತಿವೆ, ಒಬ್ಬನಂತೂ ಕೆರೆಗೆ ಹಾರುವ ಹುಡುಗನಂತೆ ತಲೆಕೆಳಗಾಗಿ. ನೀವು ಯಾರಾದರೂ ಬಂದರೆ ಇದನ್ನು ತಪ್ಪಿಸಬೇಡಿ.

ಸಂಶಯಪ್ರಾಣಿ:
ಪಶ್ಚಿಮದಲ್ಲಿ ಮುಳುಗಿದವನು ಬೆಳಗ್ಗೆ ಪೂರ್ವಕ್ಕೆ ಹೇಗೆ ಬರುತ್ತಾನೆ? ರಥ ಹಿಂದಕ್ಕೆ ಓಡಿದರೆ ನಮಗೆ ಕಾಣಬೇಕಿತ್ತಲ್ಲ?

ಬೀದಿಬದಿ ಓದುಗ:
ಕ್ರಿ.ಪೂ. ಏಳನೆಯ ಶತಮಾನದ ಮಿಮ್ನರ್ಮಸ್ ಎಂಬ ಕವಿಗೂ ಈ ಚಿಂತೆ ಇತ್ತು. ಸೂರ್ಯನ ಪಾಲಿಗೆ ದಿನವೂ ದುಡಿಮೆಯೇ ಬಂದಿದೆ, ಅವನಿಗೂ ಕುದುರೆಗಳಿಗೂ ಎಂದೂ ಬಿಡುವಿಲ್ಲ ಎಂದು ಆರಂಭಿಸಿ, ಹೆಫೀಸ್ಟಸ್ ಚಿನ್ನದಲ್ಲಿ ಬಡಿದು ಮಾಡಿದ, ರೆಕ್ಕೆಗಳುಳ್ಳ, ಪೊಳ್ಳಾದ ಮಂಚವೊಂದು ಮಲಗಿದ ಸೂರ್ಯನನ್ನು ಹೊತ್ತು ನೀರಿನ ಮೇಲೆ ಪಶ್ಚಿಮದ ಹೆಸ್ಪರಿಡೀಸರ ನಾಡಿನಿಂದ ಇಥಿಯೋಪಿಯನ್ನರ ನೆಲಕ್ಕೆ ತರುತ್ತದೆ ಎನ್ನುತ್ತಾನೆ. ರಥವೂ ಕುದುರೆಗಳೂ ಅಲ್ಲಿ ಕಾದು ನಿಂತಿರುತ್ತವೆ. ಬೇರೆ ಕವಿಗಳಲ್ಲಿ ಮಂಚದ ಬದಲು ಚಿನ್ನದ ಬಟ್ಟಲು. ಹೆರಾಕ್ಲೀಸ್ ಗೆರಿಯೊನನ ದನಗಳನ್ನು ತರಲು ಹೋಗುವಾಗ ಬಿಸಿಲಿಗೆ ಬೆಂದು ಸೂರ್ಯನತ್ತಲೇ ಬಿಲ್ಲನ್ನು ಬಗ್ಗಿಸಿದನಂತೆ. ಇವನ ಎದೆಗಾರಿಕೆಗೆ ಮೆಚ್ಚಿ ಹೀಲಿಯೋಸ್ ಆ ಬಟ್ಟಲನ್ನೇ ಕಡಲು ದಾಟಲು ಎರವಲು ಕೊಟ್ಟ.

ನೇಸರು:
ಫೇಥಾನನ ಕಥೆಯನ್ನು ಹೆಸರಿಸಿ ಬಿಟ್ಟಿದ್ದೀರಿ. ನಮ್ಮಲ್ಲಿ ಇದನ್ನು ಕೇಳಿದವರಿಗೆ ಮೊದಲು ನೆನಪಾಗುವವನು ಕರ್ಣ. ಇಬ್ಬರೂ ಸೂರ್ಯನ ಮಕ್ಕಳು, ಇಬ್ಬರಿಗೂ ಹುಟ್ಟಿನ ಬಗ್ಗೆ ಹೀಯಾಳಿಕೆ, ಇಬ್ಬರೂ ರಥದ ಸಂಬಂಧದಿಂದಲೇ ಸತ್ತರು.

ಪ್ರಾಚೀನಪ್ರಿಯೆ:
ಹೋಲಿಕೆ ಸೊಗಸಾಗಿದೆ, ಒಂದು ಕಥೆ ಇನ್ನೊಂದರಿಂದ ಹುಟ್ಟಿತು ಎನ್ನುವ ಅಗತ್ಯವಿಲ್ಲ. ವ್ಯತ್ಯಾಸವೇ ನನಗೆ ಹೆಚ್ಚು ಮುಖ್ಯ. ಕರ್ಣನ ತಂದೆ ಮಗನಿಗೆ ಕವಚ ಕುಂಡಲಗಳನ್ನು ಕೊಡಬೇಡವೆಂದು ಮುಂಚಿತವಾಗಿ ಬಂದು ಎಚ್ಚರಿಸುತ್ತಾನೆ, ಮಗ ಕೊಟ್ಟ ಮಾತಿಗೆ ಕಟ್ಟುಬೀಳುತ್ತಾನೆ. ಓವಿಡ್ಡನಲ್ಲಿ ಕಟ್ಟುಬಿದ್ದವನು ತಂದೆ. ಮಗನೆಂಬುದಕ್ಕೆ ಗುರುತಾಗಿ ಏನು ಬೇಕಾದರೂ ಕೇಳು ಎಂದು ಸ್ಟಿಕ್ಸ್ ನದಿಯ ಮೇಲೆ ಆಣೆಯಿಟ್ಟ ಮೇಲೆ, ಒಂದು ದಿನ ರಥ ಓಡಿಸಲು ಕೊಡು ಎಂದ ಹುಡುಗನಿಗೆ ಅವನು ಇಲ್ಲವೆನ್ನಲಾರ. ಪೈರಾಯಿಸ್, ಇಯೋಸ್, ಈಥಾನ್, ಫ್ಲೀಗಾನ್ ಎಂಬ ನಾಲ್ಕು ಕುದುರೆಗಳಿಗೆ ಸಾರಥಿಯ ಭಾರ ಹಗುರಾಯಿತೆಂದು ಕೂಡಲೇ ತಿಳಿಯುತ್ತದೆ; ಸರಿಯಾದ ಭಾರವಿಲ್ಲದ ಹಡಗಿನಂತೆ ರಥ ಹೊಯ್ದಾಡುತ್ತದೆ. ಭೂಮಿ ಹೊತ್ತಿ ಉರಿಯುವಾಗ ಜ್ಯೂಸ್ ಸಿಡಿಲು ಹೊಡೆದು ಹುಡುಗನನ್ನು ಎರಿಡನಸ್ ನದಿಗೆ ಕೆಡವುತ್ತಾನೆ. ಅತ್ತ ಅಕ್ಕತಂಗಿಯರು ನದಿಯ ದಡದಲ್ಲಿ ಪಾಪ್ಲರ್ ಮರಗಳಾದರು, ಅವರ ಕಣ್ಣೀರು ಗಟ್ಟಿಯಾಗಿ ಅಂಬರ್ ಆಯಿತು. ಮಗ ಸತ್ತ ದಿನ ಸೂರ್ಯ ಬೆಳಗಲಿಲ್ಲ, ಉರಿಯುತ್ತಿದ್ದ ಬೆಂಕಿಯೇ ಬೆಳಕು ಕೊಟ್ಟಿತು ಎಂದು ಓವಿಡ್ ಹೇಳುತ್ತಾನೆ. ಒಡಿಸ್ಸಿಯಲ್ಲಿ ಹಾಕಿದ್ದ ಮುಷ್ಕರದ ಬೆದರಿಕೆಯನ್ನು ಅವನು ನಿಜ ಮಾಡಿದ್ದು ಆ ಒಂದು ದಿನ.

ಪಂಚಾಂಗದ ಮನೆಯವನು:
ಹೋಲಿಕೆ ಬೇಡ, ನೇರ ನಂಟೇ ಇದೆ ಎಂದರೆ ನಂಬುವಿರಾ? ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ ಗ್ರಹಗಳ ಪರ್ಯಾಯನಾಮಗಳನ್ನು ಕೊಡುವಾಗ ಸೂರ್ಯನಿಗೆ ‘ಹೇಲಿ’ ಎನ್ನುತ್ತಾನೆ. ಅದು ಹೀಲಿಯೋಸನೇ. ಅದೇ ಪಟ್ಟಿಯಲ್ಲಿ ಕುಜನಿಗಿರುವ ‘ಆರ’ ಏರೀಸ್, ಶನಿಗಿರುವ ‘ಕೋಣ’ ಕ್ರೋನಸ್, ಶುಕ್ರನಿಗಿರುವ ‘ಆಸ್ಫುಜಿತ್’ ಅಫ್ರೊಡೈಟಿ. ನಮ್ಮ ಅಜ್ಜ ‘ಆರ’ ಎಂದಾಗಲೆಲ್ಲ ಗ್ರೀಕ್ ಮಾತಾಡುತ್ತಿದ್ದರೆಂದು ನನಗೆ ಗೊತ್ತಾದದ್ದು ಅವರು ಹೋದ ಮೇಲೆ. ‘ಹೋರಾ’ ಪದವೂ ಗ್ರೀಕಿನದೇ. ವರಾಹಮಿಹಿರ ಮಾತ್ರ, ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರ ಬಿದ್ದು ಅದಾಯಿತು ಎಂಬ ಕೆಲವರ ಅಭಿಪ್ರಾಯವನ್ನು ಹೇಳುತ್ತಾನೆ. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ಗಂಟೆಗೊಬ್ಬ ಒಡೆಯನನ್ನು ಎಣಿಸುತ್ತ ಹೋಗಿ. ಭಾನುವಾರದ ಮೊದಲ ಹೋರೆ ರವಿಯದಾದರೆ ಇಪ್ಪತ್ತೈದನೆಯದು ಚಂದ್ರನದು. ಆದ್ದರಿಂದ ಮರುದಿನ ಸೋಮವಾರ.

ನಾಣ್ಯಪೆಟ್ಟಿಗೆ:
ಸೇರಿಸುವುದಕ್ಕೆ ಒಂದು ಸಾಲು: ಕುಷಾಣರ ಕನಿಷ್ಕನ ಮೊದಮೊದಲ ನಾಣ್ಯಗಳಲ್ಲಿ ಸೂರ್ಯದೇವನ ಪಕ್ಕದಲ್ಲಿ ಗ್ರೀಕ್ ಲಿಪಿಯಲ್ಲಿ ‘ಹೀಲಿಯೋಸ್’ ಎಂದೇ ಇದೆ. ಆಮೇಲೆ ಅದೇ ಚಿತ್ರದ ಪಕ್ಕ ಇರಾನಿನ ‘ಮೀರೊ’ ಬಂದ. ದೇವರನ್ನು ಬದಲಿಸದೆ ಹೆಸರನ್ನಷ್ಟೇ ಬದಲಿಸಿದರು.

ಪ್ರಾಚೀನಪ್ರಿಯೆ:
ಹೆಸರಿನ ಬೇರು ಇನ್ನೂ ಆಳದಲ್ಲಿದೆ. ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ, ಮೂಲ ಭಾಷೆಯ ಪದಾದಿಯ ಸಕಾರ ಗ್ರೀಕಿನಲ್ಲಿ ಹಕಾರವಾಯಿತು: ಸಂಸ್ಕೃತದ ‘ಸಪ್ತ’ ಅಲ್ಲಿ ‘ಹೆಪ್ತ’. ಸೂರ್ಯ, ಲ್ಯಾಟಿನ್ನಿನ ಸೋಲ್, ಗ್ರೀಕಿನ ಹೀಲಿಯೋಸ್ ಒಂದೇ ಬೇರಿನ ಪದಗಳು. ಈಯೋಸ್ ಮತ್ತು ಉಷಸ್ ಕೂಡ ಹಾಗೆಯೇ. ಅಪೊಲೊ ಎಂಬ ಹೆಸರಿಗೆ ಈ ಬೇರಿನ ಸಂಬಂಧವಿಲ್ಲ.

ಜಮಖಂಡಿ ಕಡೆಯವನು:
ಹುಡುಗಿ ಕೇಳಿದ ಹೀಲಿಯಂ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನಮ್ಮ ನಾಡಿನ ಮೇಲೆ ಹಾದುಹೋಯಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ, ಬ್ರಿಟನ್ನಿನ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ರೋಹಿತದರ್ಶಕಗಳನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣಗಳನ್ನು) ಹೂಡಿ, ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಪ್ರಕಾಶಮಾನವಾದ ಗೆರೆಗಳನ್ನು ಕಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಲಾಕಿಯರ್ ಇಂಗ್ಲೆಂಡಿನಿಂದ ಗ್ರಹಣವಿಲ್ಲದೆಯೇ ಆ ಗೆರೆಗಳಲ್ಲಿ ಹಳದಿಯ ಒಂದನ್ನು ನೋಡಿ, ಅದು ಸೋಡಿಯಮ್ಮಿನದಲ್ಲವೆಂದು ಗುರುತಿಸಿದ. ಭೂಮಿಯಲ್ಲಿ ಕಾಣದ, ಸೂರ್ಯನಲ್ಲಿ ಮಾತ್ರ ಇರುವ ಧಾತುವೆಂದು ಹೀಲಿಯೋಸನ ಹೆಸರಿನಿಂದ ‘ಹೀಲಿಯಂ’ ಎಂದು ಕರೆದರು. ಕೊನೆಯ ‘ಇಯಂ’ ಲೋಹಗಳಿಗೆ ಇಡುವ ಬಾಲ. ಅದು ಅನಿಲವೆಂದು ಆಗ ಗೊತ್ತಿರಲಿಲ್ಲ. ಭೂಮಿಯ ಮೇಲೆ ಯುರೇನಿಯಂ ಇರುವ ಒಂದು ಖನಿಜದಿಂದ ರ‍್ಯಾಮ್ಸೆ ಅದನ್ನು ಹೊರತೆಗೆದದ್ದು 1895ರಲ್ಲಿ.

ಹಳ್ಳಿ ಮೇಷ್ಟ್ರು:
ಎಲ್ಲರಿಗೂ ವಂದನೆಗಳು. ಫಲಿತಾಂಶ ಬದಲಿಸಲು ಬರುವುದಿಲ್ಲವೆಂದು ಸಂಘಟಕರು ಹೇಳಿದರು. ನಾನು ಹುಡುಗಿಯ ಶಾಲೆಗೆ ಹೋಗಿ, ತರಗತಿಯ ಎದುರಿಗೇ ತಪ್ಪು ನನ್ನದೆಂದು ಒಪ್ಪಿ, ಈ ಚರ್ಚೆಯಲ್ಲಿ ತಿಳಿದದ್ದನ್ನೆಲ್ಲ ಒಂದು ಪೀರಿಯಡ್ ಹೇಳಿ ಬಂದೆ. ದನಗಳ ಕಥೆಗೆ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಆದರೆ ಆ ಹುಡುಗಿ ಮತ್ತೆ ಕೈಯೆತ್ತಿದಳು. ದನಗಳನ್ನು ಕೊಂದ ಸುದ್ದಿಯನ್ನು ಹೀಲಿಯೋಸನಿಗೆ ಓಡಿಹೋಗಿ ತಿಳಿಸಿದವಳು ಮಗಳು ಲ್ಯಾಂಪೀಟಿಯ ಎಂದು ಅವಳು ಎಲ್ಲಿಯೋ ಓದಿದ್ದಾಳೆ. ‘ಎಲ್ಲವನ್ನೂ ನೋಡುವ ದೇವರಿಗೆ ಇನ್ನೊಬ್ಬರು ಬಂದು ಏಕೆ ಹೇಳಬೇಕು ಸರ್?’ ಎಂದಳು. ಈಗ ಏನು ಹೇಳಲಿ?

ಪ್ರಾಚೀನಪ್ರಿಯೆ:
ಅಲೆಕ್ಸಾಂಡ್ರಿಯದ ಗ್ರಂಥಾಲಯದಲ್ಲಿ ಹೋಮರನ ಪಾಠವನ್ನು ಸಂಪಾದಿಸಿದ ಅರಿಸ್ಟಾರ್ಕಸನೂ ಇದೇ ಆಕ್ಷೇಪವನ್ನು ಎತ್ತಿದ್ದನೆಂದು ಅವಳಿಗೆ ಹೇಳಿ. ಅವನ ಪರಂಪರೆಯ ಟಿಪ್ಪಣಿಗಳು ಇಲಿಯಡ್ಡಿನ ‘ಎಲ್ಲವನ್ನೂ ನೋಡುವ’ ಸಾಲನ್ನೂ ಒಡಿಸ್ಸಿಯ ಲ್ಯಾಂಪೀಟಿಯಳನ್ನೂ ಎದುರುಬದುರು ಇಟ್ಟು, ಒಡಿಸ್ಸಿಯ ಆ ಸಾಲುಗಳು ಹೋಮರನವಲ್ಲವೆಂದು ಶಂಕಿಸುತ್ತವೆ. ನನಗೆ ಆ ಸಾಲುಗಳನ್ನು ತೆಗೆಯಲು ಮನಸ್ಸಿಲ್ಲ. ಜ್ಯೂಸ್ ಮತ್ತು ಹೀಲಿಯೋಸ್ ಆಡಿದ ಮಾತು ನಿನಗೆ ಹೇಗೆ ತಿಳಿಯಿತು ಎಂದು ಯಾರಾದರೂ ಕೇಳಿಯಾರೆಂದು ಒಡಿಸ್ಯೂಸನೇ ಕೊನೆಯಲ್ಲಿ ಸೇರಿಸುತ್ತಾನೆ: ನನಗೆ ಅಪ್ಸರೆ ಕ್ಯಾಲಿಪ್ಸೊ ಹೇಳಿದಳು, ಅವಳಿಗೆ ದೇವದೂತ ಹರ್ಮಿಸ್ ಹೇಳಿದನಂತೆ. ಕಥೆ ಮೂರು ಬಾಯಿ ದಾಟಿ ಬಂದಿದೆ; ಲ್ಯಾಂಪೀಟಿಯ ಯಾವ ಬಾಯಿಯಲ್ಲಿ ಸೇರಿಕೊಂಡಳೋ.

ಮುಂದಿನ ಉತ್ತರಪಟ್ಟಿ ಅಚ್ಚಾಗುವ ಮೊದಲು ಇಷ್ಟನ್ನು ಬರೆದಿಟ್ಟುಕೊಳ್ಳಿ ಮೇಷ್ಟ್ರೇ: ಈ ಅರಿಸ್ಟಾರ್ಕಸ್ ಸಾಮೊಥ್ರೇಸಿನವನು. ಸೂರ್ಯನನ್ನು ನಡುವಿನಲ್ಲಿಟ್ಟು ಭೂಮಿಯನ್ನು ಅದರ ಸುತ್ತ ತಿರುಗಿಸಿದ ಅರಿಸ್ಟಾರ್ಕಸ್ ಸಾಮೊಸಿನವನು. ಇವರೂ ಇಬ್ಬರು.